ಕಿರುಗಾವಲಿನ ತವರು

ಅಜ್ಜಿ ತೀರಿಕೊಂಡ ಬೆಳಿಗ್ಗೆ ನಮ್ಮ ಬೀದಿಯ ಹೆಂಗಸರು ಒಬ್ಬರಾದ ಮೇಲೊಬ್ಬರು ಬಂದರು. ಕಾಲ ಬಳಿ ಕೂತು ಒಂದಷ್ಟು ಅತ್ತು, ಸೆರಗಿನಿಂದ ಮೂಗೊರೆಸಿಕೊಂಡು, ಎಲ್ಲರೂ ಕೇಳಿದ್ದು ಒಂದೇ ಮಾತು.

‘ತವರೋರ್ಗೆ ಯೋಳಿ ಕಳ್ಸಿದ್ರಾ?’

ನಮ್ಮ ಮಳವಳ್ಳಿ ಮದ್ದೂರಿನ ಕಡೆ ಹೆಣ್ಣು ಸತ್ತರೆ, ಅವಳಿಗೆ ಎಷ್ಟೇ ವಯಸ್ಸಾಗಿರಲಿ, ತವರಿನಿಂದ ಒಂದು ಸೀರೆ ಬಂದು ಮೈಮೇಲೆ ಬೀಳಬೇಕು. ತೊಂಬತ್ತು ದಾಟಿದ ಮುದುಕಿಗೆ ತವರಲ್ಲಿ ಯಾರು ಉಳಿದಿರುತ್ತಾರೆ ಅಂತ ನೀವು ಕೇಳಬಹುದು. ಅಣ್ಣತಮ್ಮಂದಿರು ಎಂದೋ ಹೋಗಿರುತ್ತಾರೆ, ಅವರ ಮಕ್ಕಳೂ ಕೋಲು ಹಿಡಿದಿರುತ್ತಾರೆ. ಆದರೂ ಆ ಮನೆಯ ಯಾವನೋ ಒಬ್ಬ ಕಂಕುಳಲ್ಲಿ ಚೀಲ ಅದುಮಿಕೊಂಡು ಬಸ್ಸಿಳಿದು ಬರುತ್ತಾನೆ. ಅವನು ಬರುವ ತನಕ ಬಿಸಿಲಾಗಲಿ ಮಳೆಯಾಗಲಿ ಕಾಯುತ್ತೇವೆ.

‘ಕಿರುಗಾವ್ಲಿಗೆ ಫೋನ್ ಮಾಡಿವ್ನಿ. ಬತ್ತಾವ್ರೆ’ ಅಂತ ದೊಡ್ಡಪ್ಪ ಎಲ್ಲರಿಗೂ ಉತ್ತರ ಕೊಟ್ಟ. ಕೊಡುವಾಗ ಯಾರ ಮುಖವನ್ನೂ ನೋಡಲಿಲ್ಲ, ಕೊಟ್ಟಿಗೆ ಕಡೆ ನೋಡಿದ. ನಾನು ನೆಲ ನೋಡಿದೆ. ಕಿರುಗಾವಲಿನಲ್ಲಿ ಅಜ್ಜಿಗೆ ಸಂಬಂಧಪಟ್ಟವರು ಒಬ್ಬರೂ ಇರಲಿಲ್ಲ. ಅದು ನಮ್ಮ ಮನೆಯವರಿಗೆಲ್ಲ ಗೊತ್ತಿತ್ತು. ನಮ್ಮ ಮನೆಯವರಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆವು.

ಅಜ್ಜಿ ಈ ಸೀಮೆಯವಳಲ್ಲ. ಕೊಳ್ಳೇಗಾಲ ದಾಟಿ, ಮಾದಪ್ಪನ ಬೆಟ್ಟ ಹತ್ತಿ ಇಳಿದು, ಪಾಲಾರು ದಾಟಿದರೆ ಸಿಗುವ ಮೆಟ್ಟೂರು ಕಡೆಯ ಒಂದು ಹಳ್ಳಿ ಅವಳದು. ಅವಳಪ್ಪ ಕಬ್ಬು ಕಡಿಯುವವರ ಗುಂಪಿನಲ್ಲಿ ಇಲ್ಲಿಗೆ ಬಂದವನು. ಹೆಂಡತಿ ಸತ್ತಿದ್ದಳು. ಮಕ್ಕಳನ್ನು ಬಿಟ್ಟು ಬರಲು ಜಾಗವಿಲ್ಲದೆ ಇಬ್ಬರನ್ನೂ ಜೊತೆಗೇ ನಡೆಸಿಕೊಂಡು ಬಂದಿದ್ದ. ಇವಳು ದೊಡ್ಡವಳು, ತಮ್ಮ ಚಿಕ್ಕವನು. ಒಂದು ಸುಗ್ಗಿಯಲ್ಲಿ ಅಪ್ಪ ಜ್ವರ ಬಂದು ಇಲ್ಲೇ ಹೋದ. ಗುಂಪಿನವರು ವಾಪಸು ಹೊರಟಾಗ ಗಂಡು ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದರು. ಬೆಳೆದ ಹುಡುಗಿಯನ್ನು ಯಾರು ಸಾಕುತ್ತಾರೆ? ನಮ್ಮ ಮುತ್ತಜ್ಜಿ ‘ಆಲೆಮನೆ ಕೆಲ್ಸಕ್ಕಾಯ್ತಾಳೆ, ಇರ್ಲಿ ಬುಡ್ರಪ್ಪ’ ಅಂದಳಂತೆ. ಹಾಗೆ ಉಳಿದುಕೊಂಡಳು.

ಮುತ್ತಜ್ಜಿ ಉಳಿಸಿಕೊಂಡದ್ದು ಕೆಲಸಕ್ಕೆ. ನಮ್ಮ ತಾತನ ಲೆಕ್ಕ ಬೇರೆ ಇತ್ತು. ನಾಲ್ಕೈದು ವರ್ಷಕ್ಕೆ, ಮದುವೆ ಅಂತ ಆದರೆ ಇವಳನ್ನೇ, ಇಲ್ಲದಿದ್ದರೆ ಬೇಡವೇ ಬೇಡ ಅಂತ ಕೂತುಬಿಟ್ಟ. ಮುತ್ತಜ್ಜಿ ಅತ್ತಳು, ಬೈದಳು, ಎರಡು ದಿನ ಮುದ್ದೆ ಮುಟ್ಟಲಿಲ್ಲ. ಕೊನೆಗೆ ಸೋತು, ‘ಆಯ್ತು ಕಣ್ಲಾ, ಧಾರೆ ಎರ್ಯೋರ್ಯಾರು? ಗಾಣದ ಎತ್ತು ಎರ್ದಾವಾ?’ ಅಂತ ಕೇಳಿದಳಂತೆ. ಕಿರುಗಾವಲಿನಲ್ಲಿ ಮಕ್ಕಳಿಲ್ಲದ ಗಂಡ ಹೆಂಡತಿ ಇದ್ದರು, ಮುತ್ತಾತನಿಗೆ ಬೇಕಾದವರು. ಅವರು ಬಂದು ಅಪ್ಪ ಅಮ್ಮ ಆಗಿ ನಿಂತು ಧಾರೆ ಎರೆದುಕೊಟ್ಟರು. ಅವತ್ತಿನಿಂದ ಅವಳು ಕಿರುಗಾವಲಿನ ಹುಡುಗಿ. ಬೆಟ್ಟದಾಚೆಯ ಸುದ್ದಿ ಇನ್ನು ಬಾಯಲ್ಲಿ ಬರಬಾರದು ಅಂತ ಮುತ್ತಜ್ಜಿ ದೇವರ ಮುಂದೆ ಮಾತು ತೆಗೆದುಕೊಂಡಳು. ಅಜ್ಜಿ ಕೊಟ್ಟ ಮಾತನ್ನು ಉಳಿಸಿಕೊಂಡಳು, ಬೇಕಿದ್ದಕ್ಕಿಂತ ಹೆಚ್ಚೇ ಉಳಿಸಿಕೊಂಡಳು.

ಕನ್ನಡವನ್ನು ಅವಳು ಕಲಿತದ್ದು ಬಾವಿಕಟ್ಟೆಯ ಜಗಳದಲ್ಲಿ. ಹಾಗಾಗಿ ಬೈಗುಳ ಮೊದಲು ಬಂತು, ಮಿಕ್ಕಿದ್ದು ಆಮೇಲೆ. ನಾನು ಇವತ್ತು ನಾಲ್ಕು ಮಾತು ನೆಟ್ಟಗೆ ಆಡುತ್ತೇನೆ ಅಂದರೆ ಅದರಲ್ಲಿ ಮೂರು ಅವಳಿಂದ ಕಲಿತದ್ದು. ‘ಉಂಡೋನ್ಗೆ ಊರ್ ಚಂದ ಕಣ್ಲಾ, ಮೊದ್ಲು ಉಣ್ಣು’ ಅನ್ನುತ್ತಿದ್ದಳು. ಎಣಿಕೆ ಒಂದು ಮಾತ್ರ ಅವಳ ಹಿಡಿತಕ್ಕೆ ಸಿಗಲಿಲ್ಲ. ಬೆರಣಿ ತಟ್ಟಲಿ, ಬೆಲ್ಲದಚ್ಚು ಜೋಡಿಸಲಿ, ಬಾಯೊಳಗೆ ತಮಿಳಿನಲ್ಲೇ ಎಣಿಸುತ್ತಿದ್ದಳು. ಕಾವೇರಿ ಗಲಾಟೆ ಎದ್ದು ಮದ್ದೂರಿನ ರಸ್ತೆಯಲ್ಲಿ ಟಯರು ಉರಿಯುತ್ತಿದ್ದ ದಿನಗಳಲ್ಲಿ ಅದೂ ನಿಲ್ಲುತ್ತಿತ್ತು. ತುಟಿ ಅಲ್ಲಾಡುತ್ತಿತ್ತು, ದನಿ ಇರುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಯಾರೂ ಅವಳಿಗೆ ಒಂದು ಮಾತು ಅಂದವರಲ್ಲ. ಆದರೂ ಅವಳು ಆ ದಿನಗಳಲ್ಲಿ ನೀರಿಗೆ ಹೋಗುತ್ತಿರಲಿಲ್ಲ, ಸೊಸೆಯರನ್ನು ಕಳಿಸುತ್ತಿದ್ದಳು. ನಾವು ಯಾರೂ ‘ಯಾಕಜ್ಜಿ’ ಅಂತ ಕೇಳಲಿಲ್ಲ. ಕೇಳದೆ ಇರುವುದನ್ನೇ ಮರ್ಯಾದೆ ಅಂದುಕೊಂಡಿದ್ದೆವು.

ಅವಳು ಈ ಮನೆಗೆ ಏನು ಮಾಡಿದಳು ಅಂತ ಬರೆಯಲು ಹೊರಟರೆ ಪಟ್ಟಿಯಾಗುತ್ತದೆ, ಪಟ್ಟಿ ಮಾಡಿದರೆ ಚಿಕ್ಕದಾಗುತ್ತದೆ. ಒಂದೇ ಹೇಳುತ್ತೇನೆ. ಎಲ್ಲರಿಗೂ ಮುದ್ದೆ ಕಟ್ಟಿ ಬಡಿಸಿದ ಮೇಲೆ ಪಾತ್ರೆಯ ತಳದಲ್ಲಿ ಹತ್ತಿಕೊಂಡದ್ದನ್ನು ಕೆರೆದು, ಅದಕ್ಕೇ ಸಾರು ಹುಯ್ದುಕೊಂಡು, ಒಲೆ ಮುಂದೆ ಕೂತು ಉಣ್ಣುತ್ತಿದ್ದಳು. ‘ತಟ್ಟೆಗೆ ಹಾಕ್ಕೊಳ್ಳಜ್ಜಿ’ ಅಂದರೆ, ‘ಇದೇ ರುಚಿ ಕಣ್ಲಾ, ನಿಂಗೊತ್ತಿಲ್ಲ’ ಅನ್ನುವಳು. ನಾನು ಬಹಳ ವರ್ಷ ಅದು ರುಚಿಯ ವಿಷಯ ಅಂತಲೇ ನಂಬಿದ್ದೆ. ಮನೆಯಲ್ಲಿ ಮೂರು ಮೂಟೆ ರಾಗಿ ಇರುವ ಕಾಲ ಬಂದಮೇಲೂ ಅವಳು ಹಾಗೇ ಉಂಡಳು. ನಾವೂ ಹಾಗೇ ಬಿಟ್ಟೆವು.

ಇನ್ನು ಗೌರಿ ಹಬ್ಬ. ನಮ್ಮಲ್ಲಿ ಗೌರಿ ಹಬ್ಬಕ್ಕೆ ತವರಿನಿಂದ ಸೀರೆ ಬಳೆ ಬರಬೇಕು. ಅಣ್ಣನೋ ತಮ್ಮನೋ ತಂದುಕೊಡುತ್ತಾನೆ, ಇಲ್ಲ ಇವಳೇ ಹೋಗಿ ಮಡಿಲು ತುಂಬಿಸಿಕೊಂಡು ಬರುತ್ತಾಳೆ. ಧಾರೆ ಎರೆದ ಆ ಕಿರುಗಾವಲಿನ ದಂಪತಿ ಇರುವ ತನಕ ಅದು ನಡೆಯಿತು. ಅವರು ಒಬ್ಬರ ಹಿಂದೆ ಒಬ್ಬರು ಹೋದರು, ಮನೆ ಇನ್ಯಾರಿಗೋ ಹೋಯಿತು. ಅಜ್ಜಿ ಮಾತ್ರ ನಿಲ್ಲಿಸಲಿಲ್ಲ. ಪ್ರತಿವರ್ಷ ಹಬ್ಬದ ಹಿಂದಿನ ದಿನ ಬೆಳಿಗ್ಗೆ ಬಸ್ಸಿಗೆ ಹೋಗಿ, ಸಂಜೆ ಬಸ್ಸಿಗೆ ಬರುವಳು. ಚೀಲದಲ್ಲಿ ಒಂದು ಸೀರೆ, ಒಂದು ಡಜನ್ ಬಳೆ. ಬಂದವಳೇ ಜಗಲಿ ಮೇಲೆ ಹರಡಿ, ದಾರಿಹೋಕರಿಗೆಲ್ಲ ಕಾಣುವ ಹಾಗೆ, ‘ತವರೋರು ಕೊಟ್ರು ಕಣಮ್ಮ. ಬ್ಯಾಡ ಅಂದ್ರೂ ಕೇಳ್ನಿಲ್ಲ’ ಅನ್ನುವಳು. ತಾತ ಹೋದ ಮೇಲೆ ಬಳೆ ತರುವುದು ನಿಂತಿತು. ಸೀರೆ ನಿಲ್ಲಲಿಲ್ಲ.

ನಮ್ಮೂರಿನಿಂದ ಕಿರುಗಾವಲಿಗೆ ಮದುವೆಯಾಗಿ ಹೋದವಳೊಬ್ಬಳು ಒಮ್ಮೆ ನಮ್ಮಮ್ಮನ ಕಿವಿಯಲ್ಲಿ ಹೇಳಿದಳು. ಅಜ್ಜಿ ಅಲ್ಲಿ ಬಸ್ಸಿಳಿದು ಬಟ್ಟೆ ಅಂಗಡಿಗೆ ಹೋಗುತ್ತಾಳೆ, ಸೀರೆ ಆರಿಸುತ್ತಾಳೆ, ಆಮೇಲೆ ಸಂಜೆ ಬಸ್ಸಿನ ತನಕ ಅದೇ ಅಂಗಡಿಯ ಜಗಲಿಯಲ್ಲಿ ಕೂತು, ಮನೆಯಿಂದ ತಂದ ಹುರಿಗಡಲೆ ಪುರಿ ತಿನ್ನುತ್ತಾಳೆ. ಅಮ್ಮ ಅದನ್ನು ಅಪ್ಪನಿಗೆ ಹೇಳಿದಳು, ಅಪ್ಪ ದೊಡ್ಡಪ್ಪನಿಗೆ ಹೇಳಿದ. ಮುಂದಿನ ವರ್ಷ ಅಜ್ಜಿ ಹೊರಡುವಾಗ ದೊಡ್ಡಪ್ಪ ‘ತವರೋರ್ನ ಕೇಳ್ದೆ ಅನ್ನವ್ವ’ ಅಂತ ಹೇಳಿ ಕಳಿಸಿದ. ಅಣಕವಲ್ಲ ಅದು. ಅವನಿಗೆ ಗೊತ್ತಿದ್ದ ಮರ್ಯಾದೆ ಅಷ್ಟೇ.

ಅವಳು ಇದನ್ನೆಲ್ಲ ಯಾಕೆ ಮಾಡಿದಳು ಅಂದರೆ ನಮಗೋಸ್ಕರ. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ, ಹುಡುಗಿ ತಾಯಿ ತವರು ಯಾವೂರು, ಅಜ್ಜಿ ತವರು ಯಾವೂರು. ಬುಡ ಗೊತ್ತಿಲ್ಲದ ಮನೆ ಅಂತ ಯಾರಾದರೂ ಎದ್ದು ಹೋಗಿಬಿಟ್ಟರೆ? ಇಬ್ಬರು ಹೆಣ್ಣುಮಕ್ಕಳ ಮದುವೆ, ಆಮೇಲೆ ಮೊಮ್ಮಕ್ಕಳ ಮದುವೆ, ಒಂದೊಂದಕ್ಕೂ ಅವಳು ನಡುಮನೆಯಲ್ಲಿ ಕೂತು ಕಿರುಗಾವಲು ಅಂತ ಹೇಳಿದಳು.

ಒಳಗೊಳಗೆ ಅವಳು ಹುಡುಕುತ್ತಿದ್ದಳು ಅನ್ನುವುದು ನಮ್ಮ ಚಿಕ್ಕತ್ತೆಗೆ ಮಾತ್ರ ಗೊತ್ತಿತ್ತು. ಚಿಕ್ಕತ್ತೆ ಅಜ್ಜಿಯ ಕಿರಿ ಮಗಳು, ಮಳವಳ್ಳಿಯಲ್ಲಿದ್ದಾಳೆ. ಅಮಾವಾಸ್ಯೆಗೆ ಅಜ್ಜಿಯನ್ನು ಮಾದಪ್ಪನ ಬೆಟ್ಟಕ್ಕೆ ಕರೆದುಕೊಂಡು ಹೋಗುತ್ತಿದ್ದವಳು ಅವಳೇ. ಆ ಬೆಟ್ಟಕ್ಕೆ ಎರಡೂ ಕಡೆಯವರು ಬರುತ್ತಾರಲ್ಲ. ದರ್ಶನ ಮುಗಿದ ಮೇಲೆ ಅಜ್ಜಿ ತಮಿಳಿನ ಹೆಂಗಸರು ಕೂತ ಕಡೆ ಹೋಗಿ ಕೂತು, ಮೆಲ್ಲಗೆ ಊರಿನ ಹೆಸರು ಕೇಳುವಳಂತೆ. ಹೀಗೆ ಕೇಳಿ ಕೇಳಿ ಎಷ್ಟೋ ವರ್ಷದ ಮೇಲೆ ಒಬ್ಬ ಹೆಂಗಸು ‘ಆ ಮನೆಯವರು ನಮ್ಮ ಪಕ್ಕದ ಬೀದಿ’ ಅಂದಳು. ತಮ್ಮ ಹೋಗಿಬಿಟ್ಟಿದ್ದಾನೆ, ಅವನ ಮಗ ಇದ್ದಾನೆ. ಚಿಕ್ಕತ್ತೆ ಆ ಹೆಂಗಸಿನ ಫೋನ್ ನಂಬರು ಬರೆದುಕೊಂಡು, ನಮ್ಮೂರಿನ ಗುರುತು ಹೇಳಿ ಕಳಿಸಿದಳು. ಅಜ್ಜಿ ಅವತ್ತು ಬೆಟ್ಟದಿಂದ ಇಳಿಯುವ ತನಕ ಚಿಕ್ಕತ್ತೆಯ ಕೈ ಬಿಡಲಿಲ್ಲವಂತೆ.

ಅವನು ಬಂದ. ಬರಬಾರದ ಗಳಿಗೆಗೆ ಬಂದ. ದೊಡ್ಡಪ್ಪನ ಮಗಳನ್ನು ನೋಡಲು ಮಂಡ್ಯದ ಹೊಳಲಿನಿಂದ ಗಂಡಿನವರು ಬಂದು ನಡುಮನೆಯಲ್ಲಿ ಕೂತಿದ್ದರು. ಅಜ್ಜಿ ಆಗತಾನೇ ತನ್ನ ತವರಿನ ಹೆಸರು ಹೇಳಿ, ಮನೆಯ ಎದುರು ಹುಣಸೇಮರ ಇತ್ತು ಅಂತ ಒಂದು ಹೆಚ್ಚಿನ ಸುಳ್ಳನ್ನೂ ಸೇರಿಸಿದ್ದಳು. ಬಾಗಿಲಲ್ಲಿ ಬಿಳಿ ಪಂಚೆಯ ಒಬ್ಬ ಗಂಡಸು. ನಲವತ್ತೈದು ಐವತ್ತು ವಯಸ್ಸು. ಕೈಯಲ್ಲಿ ಎಲೆ ಅಡಿಕೆ ಹಣ್ಣು, ಮಗಳ ಮದುವೆ ಕಾಗದ, ಒಂದು ಸೀರೆ. ಅಜ್ಜಿಯನ್ನು ನೋಡಿದವನೇ ಬಂದು ಕಾಲಿಗೆ ಬಿದ್ದ. ಕೊಳ್ಳೇಗಾಲಕ್ಕೆ ಕಡಲೇಕಾಯಿ ವ್ಯಾಪಾರಕ್ಕೆ ಬಂದು ಹೋಗುತ್ತಿದ್ದವನು, ಅಷ್ಟಿಷ್ಟು ಕನ್ನಡ ಬರುತ್ತಿತ್ತು.

‘ಅತ್ತೇ, ನಾನು ನಿಮ್ಮ ತಮ್ಮನ ಮಗ’ ಅಂದ.

ಒಳಗಿದ್ದವರ ಲೋಟ ಬಾಯಿ ಹತ್ತಿರ ನಿಂತಿತು. ದೊಡ್ಡಪ್ಪನ ಮುಖ ಬೂದಿಯಾಯಿತು. ಅಜ್ಜಿ ಅವನ ಮುಖವನ್ನು ನೋಡಿದಳು. ಬಹಳ ಹೊತ್ತೇನಲ್ಲ. ಆಮೇಲೆ ನಮ್ಮೂರಿನ ಅಚ್ಚ ಕನ್ನಡದಲ್ಲಿ ಅಂದಳು:

‘ಯಾರಪ್ಪ ನೀನು? ಮನೆ ತೆಪ್ಪಿ ಬಂದಿದ್ದೀಯ. ನನ್ ತವ್ರು ಕಿರುಗಾವ್ಲು. ಬಿಸ್ಲಲ್ ಬಂದಿದ್ದೀಯ, ಕಾಪಿ ಕುಡ್ಕೊಂಡು ಓಗು.’

ಅವನು ಎದ್ದು ನಿಂತು, ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದ. ಯಾರಾದರೂ ಒಬ್ಬರು ಬಾಯಿ ತೆರೆಯಲಿ ಅಂತ. ದೊಡ್ಡಪ್ಪ ತೆರೆಯಲಿಲ್ಲ, ಅಪ್ಪ ತೆರೆಯಲಿಲ್ಲ, ನಾನೂ ತೆರೆಯಲಿಲ್ಲ. ತೆರೆಯದಿದ್ದದ್ದಷ್ಟೇ ಅಲ್ಲ, ಅಜ್ಜಿ ಹಾಗೆ ಅಂದಾಗ ನನ್ನ ಎದೆ ಹಗುರಾಯಿತು. ಇವತ್ತಿಗೂ ನನ್ನನ್ನು ಸುಡುವುದು ಆ ಹಗುರವೇ. ಅವನು ಕಾಫಿ ಕುಡಿದ, ಸೀರೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ. ನಾನು ಬೈಕಿನಲ್ಲಿ ಮಳವಳ್ಳಿ ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದೆ. ಇಳಿಯುವಾಗ, ‘ನಮ್ಮಪ್ಪನ ಮೂಗೇ ಅವರದು’ ಅಂದ. ನಾನು ಬೈಕು ತಿರುಗಿಸಿದೆ.

ಆ ಸಂಬಂಧ ಕುದುರಿತು. ಮದುವೆ ಚೆನ್ನಾಗಿ ಆಯಿತು.

ಆಮೇಲೆ ಅಜ್ಜಿ ಹತ್ತು ಹನ್ನೆರಡು ವರ್ಷ ಬದುಕಿದಳು. ಆ ಮಾತು ಎತ್ತಲಿಲ್ಲ. ಬೆಟ್ಟಕ್ಕೂ ಹೋಗಲಿಲ್ಲ, ಕಾಲು ನೋವು ಅಂದಳು. ಕಿರುಗಾವಲಿಗೂ ಹೋಗಲಾಗದೆ ಇದ್ದಾಗ ಗೌರಿ ಹಬ್ಬದ ಸೀರೆಯನ್ನು ಸೊಸೆಯರು ತಂದುಕೊಟ್ಟರು, ಅವಳು ಅದನ್ನೇ ಜಗಲಿಯಲ್ಲಿ ಹರಡಿದಳು.

ಈಗ ಸತ್ತ ದಿನಕ್ಕೆ ಬರುತ್ತೇನೆ. ದೊಡ್ಡಪ್ಪ ನನ್ನನ್ನು ಕೊಟ್ಟಿಗೆಗೆ ಕರೆದು, ‘ಕಿರುಗಾವ್ಲಲ್ಲಿ ನನ್ ಸ್ನೇಹಿತ ಒಬ್ಬ ಅವ್ನೆ, ರಿಟೈರಾದ ಮೇಷ್ಟ್ರು. ಒಪ್ಸಿವ್ನಿ. ಅವ್ವನ ತಮ್ಮನ ಮಗ ಅಂತ ಸೀರೆ ತತ್ತಾನೆ. ನೀನು ಬಾಯ್ ಮುಚ್ಕೊಂಡಿರ್ಲಾ’ ಅಂದ. ಮೇಷ್ಟ್ರು ಆಟೋದಲ್ಲಿ ಬಂದರು. ಪಾಪ, ಒಳ್ಳೆಯವರು. ತಟ್ಟೆಯಲ್ಲಿ ಹೂವು, ಊದುಬತ್ತಿ, ಸೀರೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವರು. ‘ಅತ್ತೆಮ್ಮ’ ಅನ್ನುವ ಬದಲು ಗಾಬರಿಯಲ್ಲಿ ‘ಅಜ್ಜಮ್ಮ’ ಅಂದುಬಿಟ್ಟು, ಸೀರೆಯನ್ನು ಹೊದಿಸಿದರು. ದೊಡ್ಡಪ್ಪ ಉಸಿರು ಬಿಟ್ಟ. ‘ಸರಿ, ಎತ್ತೋ ಕೆಲ್ಸ ನೋಡ್ರಪ್ಪ’ ಅಂದ.

ಆಗ ಅಜ್ಜಿಯ ತಲೆಯ ಹತ್ತಿರ ಕೂತಿದ್ದ ಚಿಕ್ಕತ್ತೆ ಎದ್ದು ನಿಂತಳು.

‘ಎತ್ಬ್ಯಾಡಿ. ನಮ್ಮವ್ವನ ತವರೋರು ಕೊಳ್ಳೇಗಾಲ ದಾಟವ್ರೆ. ನಾನೇ ಫೋನ್ ಮಾಡಿವ್ನಿ.’

ದೊಡ್ಡಪ್ಪ ‘ಏ, ಸುಮ್ಕಿರಮ್ಮಿ’ ಅಂತ ಹಲ್ಲು ಕಚ್ಚಿದ. ಬೀದಿಯ ಮುಂದೆ ಇಷ್ಟು ಕಾಲದ ಮರ್ಯಾದೆ ಮಣ್ಣಾಯಿತು ಅಂತ ನಾನು ತಲೆ ತಗ್ಗಿಸಿ ನಿಂತೆ, ಗುಸುಗುಸು ಏಳಲಿ ಅಂತ ಕಾದೆ. ಏಳಲೇ ಇಲ್ಲ. ಯಾರೂ ಬೆಚ್ಚಿ ಬೀಳಲಿಲ್ಲ. ಎದುರು ಮನೆಯ ಮುದುಕಿ, ಅಜ್ಜಿಯ ಜೊತೆ ಮೊದಲು ಬಾವಿಕಟ್ಟೆಯಲ್ಲಿ, ಆಮೇಲೆ ಕೊಳಾಯಿ ಮುಂದೆ ಐವತ್ತು ವರ್ಷ ಜಗಳವಾಡಿದವಳು, ಎಲೆ ಅಡಿಕೆ ಉಗಿದು ಬಂದು ಕೂತಳು.

‘ಅಂಗಾದ್ರೆ ಕಾಯಾನ ಬುಡ್ರಪ್ಪ’ ಅಂದಳು. ‘ಮೆಟ್ಟೂರಿಂದ ಬರ್ಬೇಕಲ್ವಾ, ಒತ್ತಾಯ್ತದೆ.’

ದೊಡ್ಡಪ್ಪ ಅವಳನ್ನೇ ನೋಡಿದ. ‘ನಿಂಗೆ ಯಾರ್ ಯೋಳಿದ್ರವ್ವ?’

‘ಯೋಳೋದೇನ್ಲಾ? ಕಬ್ಬಿನ್ ಗುಂಪಲ್ಲಿ ಬಂದೋಳು ಅಂತ ನಮ್ಮತ್ತೆ ಕಾಲ್ದಿಂದ್ಲೂ ಊರ್ಗೆಲ್ಲ ಗೊತ್ತು. ಬೆರಣಿ ತಟ್ಕೊಂಡು ಒಂದು ಎರ್ಡು ಅಂತ ಎಣುಸ್ತಿದ್ಲಾ ಅವ್ಳು? ನಮ್ಗೇನ್ ಕಿವಿ ಇರ್ನಿಲ್ವಾ? ಅವ್ಳಿಗೆ ಮುಚ್ಚಿಟ್ಕೊಳ್ಳೋ ಆಸೆ, ಮುಚ್ಚಿಟ್ಕೊಂಡ್ಳು. ನಾವು ಸುಮ್ಕಿದ್ವಿ. ಜಗ್ಳದಲ್ಲಿ ಎಂಥೆಂತಾ ಮಾತ್ ಆಡಿವ್ನಿ, ಆ ಮಾತ್ ಮಾತ್ರ ಒಂದ್ ದಿನ ಎತ್ನಿಲ್ಲ.’

‘ಹೊಳಲಿನ ಬೀಗರಿಗೆ?’ ಅಂತ ದೊಡ್ಡಪ್ಪ ಕೇಳಿದ.

ಹೊಳಲಿನ ಬೀಗರು ಅಲ್ಲೇ ಚಪ್ಪರದ ಕಂಬಕ್ಕೆ ಒರಗಿ ಕೂತಿದ್ದರು. ‘ಅವತ್ತು ಬಾಗ್ಲಲ್ಲಿ ಕಾಲಿಗ್ ಬಿದ್ನಲ್ಲ, ಅವತ್ತೇ ಗೊತ್ತಾಯ್ತು’ ಅಂದರು. ‘ನೀವು ಯೋಳಿದ್ರೂ ನಾವು ಎದ್ ಓಯ್ತಿರ್ಲಿಲ್ಲ. ಹೆಣ್ಣು ಒಪ್ಪಿತ್ತು. ನೀವ್ಯಾಕೋ ಯೋಳ್ನಿಲ್ಲ, ನಾವ್ಯಾಕೆ ಕೇಳೋದು ಅಂತ ಸುಮ್ಕಾದ್ವಿ.’

ಗುಟ್ಟು ಬಯಲಾಯಿತು ಅಂತ ನಾನು ತಲೆ ತಗ್ಗಿಸಿ ನಿಂತಿದ್ದೆ. ಆ ನಾಚಿಕೆ ಅಲ್ಲಿಗೇ ಸತ್ತು, ಅದರ ಜಾಗದಲ್ಲಿ ಇನ್ನೊಂದು ಬಂತು. ಯಾರೂ ಕೇಳದಿದ್ದ ಸುಳ್ಳಿಗೆ ಅವಳು ಒಂದು ಜನ್ಮವನ್ನೇ ತೆತ್ತಳು. ಅಂಗಡಿ ಜಗಲಿಯಲ್ಲಿ ಕೂತ ಅಷ್ಟು ಸಂಜೆ, ದನಿಯಿಲ್ಲದೆ ಅಲ್ಲಾಡಿದ ತುಟಿ, ಬಾಗಿಲಿಗೆ ಬಂದ ತಮ್ಮನ ಮಗ. ನಮ್ಮಲ್ಲಿ ಒಬ್ಬನಾದರೂ ‘ಬುಡಜ್ಜಿ, ಯಾರೇನಂದಾರು’ ಅಂದಿದ್ದರೆ ಸಾಕಿತ್ತು. ಊರು ಅವಳ ಮಾನ ಕಾಯಲು ಸುಮ್ಮನಿತ್ತು. ನಾವು ಸುಮ್ಮನಿದ್ದದ್ದು ನಮ್ಮ ಮಾನ ಕಾಯಲು. ಮೇಲೆ ನೋಡಲು ಎರಡೂ ಒಂದೇ ಥರ ಇರುತ್ತವೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಆ ತಮ್ಮನ ಮಗ ಬಂದ. ಕೂದಲು ಪೂರಾ ಬೆಳ್ಳಗಾಗಿತ್ತು. ಜೊತೆಯಲ್ಲಿ ಹೆಂಡತಿ, ಮಗಳು, ಅಳಿಯ. ಬೀದಿಯವರು ಎದ್ದು ದಾರಿ ಬಿಟ್ಟರು, ಯಾರೋ ಕಾಲಿಗೆ ನೀರು ಕೊಟ್ಟರು. ಮೇಷ್ಟ್ರು ಮುಜುಗರದಿಂದ ತಾವು ಹೊದಿಸಿದ ಸೀರೆಯನ್ನು ತೆಗೆಯಲು ಬಗ್ಗಿದರು. ಅವನು ಅವರ ಕೈ ಹಿಡಿದು ‘ಇರಲಿ ಸ್ವಾಮಿ’ ಅಂದ. ತನ್ನದನ್ನು ಅದರ ಮೇಲೆ ಹೊದಿಸಿದ. ಅವನ ಹೆಂಡತಿ ಅಜ್ಜಿಯ ಕೆನ್ನೆ ಹಿಡಿದುಕೊಂಡು ಅವಳ ಭಾಷೆಯಲ್ಲಿ ಹಾಡಿ ಹಾಡಿ ಅತ್ತಳು. ನಮ್ಮ ಬೀದಿಯ ಹೆಂಗಸರು ಒಂದು ಪದವೂ ತಿಳಿಯದೆ ಅವಳ ಜೊತೆ ಅತ್ತರು.

ಇನ್ನೊಂದು ಶಾಸ್ತ್ರ ಉಳಿದಿತ್ತು. ಸೀರೆ ಹೊದಿಸಿದ ಮೇಲೆ ಮನೆಯ ಹಿರಿಯ ತವರಿನವರ ಮುಂದೆ ಕೈಮುಗಿದು, ಎತ್ತಬಹುದಾ ಅಂತ ಅಪ್ಪಣೆ ಕೇಳಬೇಕು. ಮೇಷ್ಟ್ರ ಹತ್ತಿರ ದೊಡ್ಡಪ್ಪ ಅದನ್ನು ಕೇಳಿಯೇ ಇರಲಿಲ್ಲ. ಈಗ ಹೋಗಿ ನಿಂತ, ಕೈ ಮುಗಿದ. ಎಪ್ಪತ್ತು ದಾಟಿದ ಮನುಷ್ಯ, ಪಂಚಾಯ್ತಿ ಕಟ್ಟೆಯಲ್ಲಿ ಯಾರ ಮುಂದೆಯೂ ತಡವರಿಸಿದವನಲ್ಲ, ಹಾಗೇ ಕೈಮುಗಿದುಕೊಂಡು ನಿಂತಿದ್ದ.

ತಮ್ಮನ ಮಗ ಅಪ್ಪಣೆ ಕೊಡಲಿಲ್ಲ. ‘ಒಂದು ಕೇಳಬೇಕು’ ಅಂದ. ‘ಅವತ್ತು ಅತ್ತೆಗೆ ನನ್ನ ಗುರುತು ಸಿಕ್ಕಿತ್ತಾ? ಇಲ್ಲ ನಿಜವಾಗಿಯೂ ಗೊತ್ತಾಗಲಿಲ್ಲವಾ? ನಮ್ಮಮ್ಮ ಸಾಯುವ ತನಕ ಕೇಳುತ್ತಿದ್ದಳು. ವಯಸ್ಸಾಗಿತ್ತು, ಗೊತ್ತಾಗಿಲ್ಲ ಅಂತಲೇ ಹೇಳಿದ್ದೆ.’

ದೊಡ್ಡಪ್ಪ ನನ್ನ ಕಡೆ ನೋಡಿದ. ವಯಸ್ಸಾಗಿತ್ತು ಅಂದುಬಿಡಬಹುದಿತ್ತು. ಅವನೇ ದಾರಿ ತೋರಿಸಿಕೊಟ್ಟಿದ್ದ. ಆದರೆ ಇನ್ನೂ ಒಂದು ಸುಳ್ಳನ್ನು ಅವಳ ಮೇಲೆ ಹೊದಿಸಲು ನನಗೆ ಆಗಲಿಲ್ಲ.

‘ಸಿಕ್ಕಿತ್ತು’ ಅಂದೆ. ‘ನಿಮ್ಮನ್ನ ಬಿಟ್ಟು ಬಂದೆನಲ್ಲ, ಅಜ್ಜಿ ಹಿತ್ತಿಲಲ್ಲಿ ಕಾಯ್ತಾ ಕೂತಿದ್ದಳು. ಬಸ್ಸು ಸಿಕ್ತಾ ಅವ್ನಿಗೆ ಅಂತ ಕೇಳಿದಳು. ಸಿಕ್ತು ಅಂದೆ. ಕೂತ್ಕೊಳ್ಳಾಕೆ ಜಾಗ ಸಿಕ್ತಾ ಅಂದಳು. ನಾನು ನೋಡಿರಲಿಲ್ಲ. ಸಿಕ್ತು ಅಂದೆ. ಅವತ್ತು ರಾತ್ರಿ ಉಣ್ಣಲಿಲ್ಲ.’

ಅವನು ಅಜ್ಜಿಯ ಕಡೆ ತಿರುಗಿದ. ಜಾರಿದ್ದ ಸೀರೆಯ ಅಂಚನ್ನು ಅವಳ ಕಾಲ ಮೇಲೆ ಸರಿಮಾಡಿದ.

‘ನಿಂತುಕೊಂಡೇ ಹೋದೆ, ಕೊಳ್ಳೇಗಾಲದ ತನಕ’ ಅಂದ. ಅದನ್ನು ನನಗೆ ಹೇಳಿದನೋ ಅವಳಿಗೆ ಹೇಳಿದನೋ ತಿಳಿಯಲಿಲ್ಲ. ಆಮೇಲೆ ದೊಡ್ಡಪ್ಪನ ಮುಗಿದ ಕೈಯನ್ನು ತನ್ನ ಕೈಯಿಂದ ಕೆಳಗಿಳಿಸಿ, ‘ಎತ್ತಿ’ ಅಂದ.

ನಾನು ಹೆಗಲು ಕೊಡಲು ಹೋದೆ. ಮುಂದಿನ ಎಡಗಡೆ ನನ್ನದು ಅಂತ ಮೊದಲೇ ಗೊತ್ತುಮಾಡಿದ್ದರು. ಅಲ್ಲಿ ಅವನು ನಿಲ್ಲಲಿ ಅಂತ ಸರಿದುಕೊಂಡೆ, ಹಿಂದೆ ಕೂಡ ಜಾಗ ಕೇಳಲಿಲ್ಲ. ಕಬ್ಬಿನ ಗದ್ದೆಯ ಬದುವಿನ ಮೇಲೆ ಎಲ್ಲರ ಹಿಂದೆ, ಮೇಷ್ಟ್ರ ಜೊತೆ ನಡೆದೆ.